ಊರಿಗೆ ಉಪಕಾರಿ

ರಜೆ ಬಂತೆಂದರೆ ಶಾಲೆಯವರಿಗೆ ಹಬ್ಬ ಎಂದು ಊರಿನವರೆಲ್ಲ ತಿಳಿದಿರುತ್ತಾರೆ. ಉತ್ತರ ಪತ್ರಿಕೆ, ಗಣತಿ, ಚುನಾವಣೆ ಎಂದು ಆ ರಜೆ ಹೇಗೆ ಸವೆದುಹೋಗುತ್ತದೆ ಎಂಬುದು ನಮಗೇ ಗೊತ್ತು. ಹೆಂಗಸಾದರಂತೂ ಕೇಳುವುದೇ ಬೇಡ. ಉಳಿದ ದಿನಗಳನ್ನು ಹಪ್ಪಳ ಸಂಡಿಗೆಯೂ ಬೇಸಗೆಯ ನೆಂಟರೂ ಹಂಚಿಕೊಂಡುಬಿಡುತ್ತಾರೆ. ಎರಡು ವರ್ಷದ ಹಿಂದೆ ಮಾತ್ರ ನಾನು ಹಟ ಹಿಡಿದೆ. ಈ ಸಲ ಹತ್ತು ದಿನ ನನ್ನದು, ಆ ಹತ್ತು ದಿನದಲ್ಲಿ ಯಾರಿಗಾದರೂ ಉಪಯೋಗವಾಗುವ ಕೆಲಸ ಮಾಡಬೇಕು ಎಂದುಕೊಂಡೆ.

ನಮ್ಮ ತಿಪಟೂರಿನ ಮಹಿಳಾ ಸಮಾಜದಲ್ಲಿ ಇನ್ನೂ ಮೂವರು ಜೊತೆಗೆ ಸಿಕ್ಕರು. ಒಬ್ಬರು ಅಂಚೆ ಕಚೇರಿಯಿಂದ ನಿವೃತ್ತರಾದವರು, ಒಬ್ಬರು ಸಂಗೀತ ಹೇಳಿಕೊಡುವವರು, ಇನ್ನೊಬ್ಬರದು ಬಟ್ಟೆ ಅಂಗಡಿ. ಚಾಮರಾಜನಗರ ಜಿಲ್ಲೆಯ ಬೆಟ್ಟದ ತಪ್ಪಲಿನಲ್ಲಿ ಸೋಲಿಗರ ಮಕ್ಕಳು ಓದುವ ಒಂದು ವಸತಿ ಶಾಲೆಯ ವಿಷಯ ಯಾರೋ ಹೇಳಿದ್ದರು. ಅಲ್ಲಿಗೆ ಹೋಗುವುದೆಂದು ತೀರ್ಮಾನವಾಯಿತು. ಫೆಬ್ರವರಿಯ ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಪಟ್ಟಿ ಮಾಡಿದೆವು. ಬಣ್ಣದ ಕಾಗದ, ಕ್ರೇಯಾನ್, ಹಳೆಯ ಸೀರೆ, ಮಕ್ಕಳಿಗೆ ಎರಡು ಡಬ್ಬ ರವೆ ಉಂಡೆ. ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದು, ಸಂಗೀತದವರು ಹಾಡು, ಉಳಿದ ಇಬ್ಬರು ‘ಶುಚಿತ್ವದ ಬಗ್ಗೆ ತಿಳಿವಳಿಕೆ’. ಹೋಗಿ ಬರಲು ಟೆಂಪೋ ಟ್ರಾವೆಲರ್, ಹದಿನಾರು ಸಾವಿರ. ದಾರಿಯಲ್ಲಿ ನಂಜನಗೂಡಿನಲ್ಲಿ ಒಂದು ದರ್ಶನ.

ಒಳಗಿನಿಂದ ನಮ್ಮತ್ತೆ ಕೇಳಿಸಿಕೊಳ್ಳುತ್ತಿದ್ದರು. ಎಂಬತ್ತೆರಡು ವರ್ಷ, ಕಿವಿ ಮಾತ್ರ ಚುರುಕು. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದರು, ಯಾರಿಗೂ ಹೇಳಿದ್ದಲ್ಲವೆಂಬಂತೆ. ನಾವು ನಕ್ಕೆವು. ಆ ಗಾದೆಯ ಕಥೆ ಮುಗಿದಿಲ್ಲ ಎಂದು ಆಗ ತಿಳಿಯಲಿಲ್ಲ.

ಆ ವಾರವೇ ಮೈಸೂರಿನಲ್ಲಿ ಸಮಾಜಕಾರ್ಯ ಓದುತ್ತಿರುವ ನನ್ನ ತಂಗಿಯ ಮಗಳು ಬಂದಳು. ಪಟ್ಟಿ ನೋಡಿದಳು, ಏನೂ ಹೇಳಲಿಲ್ಲ. ಹಿಂದಿರುಗಿದ ಮೇಲೆ ಕೆಲವು ಹಾಳೆ ಜೆರಾಕ್ಸ್ ಮಾಡಿಸಿ ಅಂಚೆಯಲ್ಲಿ ಕಳಿಸಿದಳು. ಮೇಲೊಂದು ಚೀಟಿ: “ದೊಡ್ಡಮ್ಮ, ಕೋಪ ಮಾಡ್ಕೋಬೇಡಿ. ಹೋಗೋಕೆ ಮುಂಚೆ ಇದನ್ನ ಓದಿ.”

ಅದು ಇವಾನ್ ಇಲಿಚ್ ಎಂಬಾತ 1968ರ ಏಪ್ರಿಲ್ 20ರಂದು ಮಾಡಿದ ಒಂದು ಭಾಷಣ. ಇಲಿಚ್ 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು. ಕ್ಯಾಥೊಲಿಕ್ ಪಾದ್ರಿಯಾಗಿ ನ್ಯೂಯಾರ್ಕಿನಲ್ಲಿ ಪೋರ್ಟೊರಿಕೋದಿಂದ ಬಂದ ಬಡವರ ನಡುವೆ ಕೆಲಸ ಮಾಡಿದವನು. ಆಮೇಲೆ ಮೆಕ್ಸಿಕೋದ ಕ್ವೆರ್ನವಾಕ ಎಂಬ ಊರಿನಲ್ಲಿ ಒಂದು ಕೇಂದ್ರ ನಡೆಸಿದ. ಲ್ಯಾಟಿನ್ ಅಮೆರಿಕಕ್ಕೆ ಸೇವೆಗೆಂದು ಹೊರಟ ಪಾದ್ರಿಗಳಿಗೂ ಸ್ವಯಂಸೇವಕರಿಗೂ ಅಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದರು. ಅಂದರೆ ಸೇವೆಗೆ ಹೊರಟವರನ್ನು ಹತ್ತಿರದಿಂದ, ದಿನವೂ, ನೂರಾರು ಸಂಖ್ಯೆಯಲ್ಲಿ ಕಂಡವನು. 1971ರಲ್ಲಿ ಶಾಲೆಗಳೇ ಬೇಡವೆಂದು ವಾದಿಸುವ ಪುಸ್ತಕ ಬರೆದು ಹೆಸರಾದ. ಶಾಲೆಯ ಅನ್ನ ಉಣ್ಣುವ ನಾನು ಇಂಥವನ ಮಾತನ್ನು ಪ್ರೀತಿಯಿಂದ ಓದಲು ಕುಳಿತೆ ಎಂದರೆ ಸುಳ್ಳಾದೀತು.

ಭಾಷಣ ಕೇಳಲು ಕುಳಿತವರು ಅಮೆರಿಕದ ಕಡೆಯ ಕಾಲೇಜು ಹುಡುಗ ಹುಡುಗಿಯರು. ಬೇಸಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಹೋಗಿ ಸೇವೆ ಮಾಡುವ ತಯಾರಿಯಲ್ಲಿದ್ದವರು. ಅವರ ಕಾಲವನ್ನೂ ನೆನೆಯಬೇಕು. 1961ರಲ್ಲಿ ಕೆನಡಿ ಶಾಂತಿದಳ ಸ್ಥಾಪಿಸಿದ ಮೇಲೆ ಬಡ ದೇಶಗಳಿಗೆ ಹೋಗಿ ದುಡಿದು ಬರುವುದು ಅಲ್ಲಿನ ಯುವಕರಿಗೆ ಒಂದು ಆದರ್ಶವಾಗಿತ್ತು. ಅಂಥವರ ಎದುರು ನಿಂತು ಇಲಿಚ್ ಹೇಳಿದ್ದು, ನೀವು ಬರಬೇಡಿ ಎಂದು. ನಿಮ್ಮ ಒಳ್ಳೆಯ ಮನಸ್ಸಿನಿಂದ ಯಾರಿಗೂ ಉಪಕಾರವಾಗುವುದಿಲ್ಲ. ಅವರ ಭಾಷೆಯೇ ಬಾರದ ನಿಮಗೆ, ಅವರು ನಿಮ್ಮನ್ನು ಏನೆಂದು ತಿಳಿದಿದ್ದಾರೆ ಎಂಬುದು ಕೂಡ ಗೊತ್ತಾಗುವುದಿಲ್ಲ. ನೀವು ಮಾತಾಡಲು ಸಾಧ್ಯವಾಗುವುದು ಅಲ್ಲಿರುವ ನಿಮ್ಮಂಥದೇ ಅನುಕೂಲಸ್ಥರ ಜೊತೆಗೆ. ನಿಮಗೆ ಅರಿವಿಲ್ಲದೆಯೇ ನೀವು ನಿಮ್ಮ ಬದುಕಿನ ರೀತಿಯನ್ನು ಮಾರಲು ಹೊರಟ ವ್ಯಾಪಾರಿಗಳು. ಬಡವರ ನಡುವೆ ಕೆಲಸ ಮಾಡಲೇಬೇಕೆಂಬ ಹಟವಿದ್ದರೆ, ನಿಮ್ಮನ್ನು ಬೈದು ಹೊರಗಟ್ಟುವ ಧೈರ್ಯವಿರುವ ನಿಮ್ಮ ದೇಶದ ಬಡವರ ನಡುವೆಯೇ ಮಾಡಿ. ಮೆಕ್ಸಿಕೋಗೆ ಬನ್ನಿ, ನೋಡಲು, ಬೆಟ್ಟ ಹತ್ತಲು, ಹೂವಿನ ಚೆಲುವು ಸವಿಯಲು, ಕಲಿಯಲು ಬನ್ನಿ. ಸಹಾಯ ಮಾಡಲು ಮಾತ್ರ ಬರಬೇಡಿ. ಮಾತಿನ ಸಾರ ಇಷ್ಟು. ಅವನ ದನಿ ಇದಕ್ಕಿಂತ ಖಾರವಾಗಿದೆ.

ಓದಿ ನನಗೆ ಸಿಟ್ಟು ಬಂತು. ಇವನದು ಅಮೆರಿಕದ ಕಥೆ, ನಮಗೇನು? ನಾವು ಕನ್ನಡದವರು ಕನ್ನಡದವರ ಹತ್ತಿರ ಹೋಗುತ್ತಿದ್ದೇವೆ, ಡಾಲರ್ ಹಿಡಿದು ಹೋಗುತ್ತಿಲ್ಲ ಎಂದು ಹಾಳೆ ಮಡಚಿ ಬೀರುವಿನಲ್ಲಿಟ್ಟೆ. ಆದರೆ ಮಡಚಿಟ್ಟ ಮಾತ್ರಕ್ಕೆ ಮಾತು ಸುಮ್ಮನಿರುತ್ತದೆಯೇ? ರಾತ್ರಿ ಮಲಗಿದಾಗ ಹಳೆಯ ಒಬ್ಬ ಅಜ್ಜಿ ನೆನಪಾದಳು.

1990ರಲ್ಲಿ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಎನ್.ಎಸ್.ಎಸ್. ಸೇರಿದ್ದೆ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ. ಆಗ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳು ಸೇರಿದ್ದರಂತೆ. ನಮ್ಮ ಕಾಲಕ್ಕೆ ಶಿಬಿರವೆಂದರೆ ಹತ್ತು ದಿನದ ಹಬ್ಬ. ಹುಳಿಯಾರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೆರೆ ಏರಿಯಿಂದ ಊರವರೆಗೆ ರಸ್ತೆ ಮಾಡಿದೆವು. ಗುದ್ದಲಿ ಹಿಡಿದು ಬೊಬ್ಬೆ ಎದ್ದ ಕೈಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಹೆಮ್ಮೆಪಟ್ಟೆವು. ಸಂಜೆ ನಾಟಕ, ಹಾಡು. ಒಂದು ಮಧ್ಯಾಹ್ನ ಆ ಅಜ್ಜಿ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ದಿನಕ್ಕೆ ಕೂಲಿ ಏಟು ಕೊಡ್ತಾರವ್ವ ನಿಮಗೆ?”

“ಕೂಲಿ ಇಲ್ಲಜ್ಜಿ, ಇದು ಸೇವೆ.”

ಅಜ್ಜಿ ಸ್ವಲ್ಪ ಹೊತ್ತು ರಸ್ತೆ ನೋಡಿದಳು. “ಅಂಗಾದ್ರೆ ನಮ್ಮುಡುಗ್ರುಗೇ ಬುಟ್ಟಿದ್ರೆ ಕೂಲಿನಾದ್ರೂ ಸಿಕ್ತಿತ್ತು” ಎಂದು ಲೋಟ ಎತ್ತಿಕೊಂಡು ಹೋದಳು.

ಜವಾಹರ್ ರೋಜ್‌ಗಾರ್ ಯೋಜನೆ ಹಿಂದಿನ ವರ್ಷವಷ್ಟೇ, 1989ರಲ್ಲಿ, ಬಂದಿತ್ತು. ಮಳೆಯಿಲ್ಲದ ಆ ಸೀಮೆಯಲ್ಲಿ ರಸ್ತೆ ಕೆಲಸವೆಂದರೆ ನಾಲ್ಕು ಮನೆಯ ಒಲೆ ಉರಿಯುವ ಕೆಲಸ. ಅದನ್ನು ನಾವು ಬೊಬ್ಬೆ ಎದ್ದ ಕೈಯಲ್ಲಿ ಕಿತ್ತುಕೊಂಡಿದ್ದೆವು. ಕೆಲಸವಾದರೂ ನೆಟ್ಟಗಿತ್ತೇ ಎಂದರೆ, ಮೊದಲ ಮಳೆಗೆ ರಸ್ತೆ ಕೊಚ್ಚಿಹೋಯಿತೆಂದು ಆಮೇಲೆ ತಿಳಿಯಿತು. ಆಗ ಗೆಳತಿಯರೊಡನೆ ಇದನ್ನು ತಮಾಷೆಯಾಗಿ ಹೇಳಿ ನಕ್ಕಿದ್ದೆ. ಇಲಿಚ್‌ನ ಅಷ್ಟೂ ಪುಟದ ಸಾರವನ್ನು ಅಕ್ಷರ ಬಾರದ ಅಜ್ಜಿಯೊಬ್ಬಳು ಒಂದು ವಾಕ್ಯದಲ್ಲಿ ಹೇಳಿದ್ದಳು. ಮೂವತ್ತು ವರ್ಷ ಆ ಮಾತನ್ನು ನಗೆಹನಿಯ ಲೆಕ್ಕದಲ್ಲಿಟ್ಟಿದ್ದವಳು ನಾನು.

ಮಾರನೆಯ ದಿನ ಬೀರುವಿನಿಂದ ಹಾಳೆ ತೆಗೆದು, ನಮ್ಮ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿದೆ. ಪಟ್ಟಿಯಲ್ಲಿ ಇದ್ದದ್ದೆಲ್ಲ ನಮಗೆ ಬರುವ ಕೆಲಸ, ನಮಗೆ ಬೇಡವಾದ ಬಟ್ಟೆ, ನಮಗೆ ಅನುಕೂಲವಾದ ತಾರೀಖು. ಅವರಿಗೆ ಏನು ಬೇಕು ಎಂಬುದಕ್ಕೆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಹಾಗಾದರೆ ಕೇಳಿಯೇ ಬಿಡೋಣವೆಂದು ಶಾಲೆಗೆ ಫೋನ್ ಮಾಡಿದೆ. ಮುಖ್ಯಸ್ಥರು ಸೌಮ್ಯವಾಗಿ ಮಾತಾಡಿದರು. “ಬನ್ನಿ ಮೇಡಂ, ತುಂಬಾ ಸಂತೋಷ. ಆದ್ರೆ ಏಪ್ರಿಲ್ ಮೇನಲ್ಲಿ ನಮಗೂ ರಜ ಅಲ್ವಾ? ಮಕ್ಕಳು ಯಾರೂ ಇರಲ್ಲ.”

ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ! ನನ್ನ ಶಾಲೆಗೆ ರಜ ಇದ್ದರೆ ಅವರ ಶಾಲೆಗೂ ರಜ. ಬಡವರ ಮಕ್ಕಳು ವರ್ಷವಿಡೀ ನಮ್ಮ ದಾರಿ ಕಾಯುತ್ತ ಸಾಲಾಗಿ ಕುಳಿತಿರುತ್ತಾರೆಂದು ನನ್ನ ಮನಸ್ಸು ತಾನೇ ತಾನಾಗಿ ನಂಬಿತ್ತು. ಅವರೇ ಮುಂದುವರಿದು ಹೇಳಿದರು. ಆ ತಿಂಗಳುಗಳು ಬೆಟ್ಟದಲ್ಲಿ ಹೆಜ್ಜೇನು ಇಳಿಸುವ ಕಾಲ. ಪೋಡಿನಿಂದ ಅಪ್ಪಂದಿರು ಕಾಡಿಗೆ ಹೋಗಿರುತ್ತಾರೆ, ದೊಡ್ಡ ಮಕ್ಕಳಿಗೆ ಮನೆಯಲ್ಲಿ ಕೆಲಸವಿರುತ್ತದೆ. ಚಳಿಗಾಲಕ್ಕೆ ನೆಲ್ಲಿಕಾಯಿ. ಅವರ ವರ್ಷಕ್ಕೆ ಅವರದೇ ಪಂಚಾಂಗ.

ಆ ಜನರ ಬಗ್ಗೆ ನಾನು ತಿಳಿದುಕೊಂಡದ್ದು ಆಮೇಲೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಬಿಳಿಗಿರಿರಂಗನ ಬೆಟ್ಟವನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದೇ ವರ್ಷ ಅಲ್ಲಿಯ ಸೋಲಿಗರು ಆ ಕಾಯ್ದೆಯ ಪ್ರಕಾರ ಸಮುದಾಯ ಹಕ್ಕುಪತ್ರವನ್ನೂ ಪಡೆದರು. ಸಂಘ ಕಟ್ಟಿ, ಅರ್ಜಿ ಹಾಕಿ, ಕಚೇರಿ ಅಲೆದು ಪಡೆದದ್ದು. ಇಂಥವರ ಮಕ್ಕಳಿಗೆ ಕೈ ತೊಳೆಯುವುದು ಹೇಗೆ ಎಂದು ತಿಳಿಸಲು ನಾವು ನಾಲ್ವರು ಟೆಂಪೋ ಮಾಡಿಕೊಂಡು ಹೊರಟಿದ್ದೆವು.

ಇಲಿಚ್‌ನ ಭಾಷೆಯ ಮಾತು ನಮಗೆ ತಾಗುವುದಿಲ್ಲ ಎಂದುಕೊಂಡಿದ್ದೆನಲ್ಲ, ಅದೂ ಸುಳ್ಳಾಯಿತು. ಸೋಲಿಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಹತ್ತಿರವಾದ್ದರಿಂದಲೇ ಅಪಾಯ ಹೆಚ್ಚು. ಸ್ಪ್ಯಾನಿಷ್ ಬಾರದ ಹುಡುಗನಿಗೆ ತನಗೆ ಬಾರದು ಎಂದಾದರೂ ಗೊತ್ತಿರುತ್ತದೆ. ನಾನೋ, ಆ ಮಕ್ಕಳ ಮಾತು ಕೇಳಿದ ಕೂಡಲೇ ತಿದ್ದಲು ಬಾಯಿ ತೆರೆಯುವವಳು. ಹಕಾರ ಅಕಾರದ ತಪ್ಪು ಹಿಡಿಯುವುದು ನಮ್ಮ ವೃತ್ತಿಗೆ ಅಂಟಿದ ರೋಗ. ಹತ್ತು ದಿನದಲ್ಲಿ ಇಂಗ್ಲಿಷ್ ವ್ಯಾಕರಣ ಯಾರಿಗೂ ಬರುವುದಿಲ್ಲ. ತಮ್ಮ ಮನೆಯ ಮಾತು ತಪ್ಪು ಎಂಬುದು ಮಾತ್ರ ಚೆನ್ನಾಗಿ ಬಂದುಬಿಡುತ್ತದೆ.

ಇನ್ನೊಂದು ನೆನಪನ್ನೂ ಇಲ್ಲಿ ಹೇಳಬೇಕು. ಅದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದ್ದರಿಂದಲೇ ಬರೆಯಬೇಕು. ಕೆಲವು ವರ್ಷದ ಹಿಂದೆ ನನ್ನ ಹುಟ್ಟುಹಬ್ಬಕ್ಕೆ ಮಕ್ಕಳೆಲ್ಲ ಸೇರಿ ನನ್ನನ್ನು ಒಂದು ಅನಾಥಾಲಯಕ್ಕೆ ಕರೆದೊಯ್ದಿದ್ದರು. ಕೇಕು, ಊಟ, ಫೋಟೊ. ಹೊರಡುವಾಗ ಏಳೆಂಟು ವರ್ಷದ ಹುಡುಗಿ ನನ್ನ ಸೆರಗು ಹಿಡಿದು “ಮತ್ತೆ ಯಾವಾಗ ಬರ್ತೀರಾ ಆಂಟಿ?” ಎಂದಿತು. “ಮುಂದಿನ ತಿಂಗಳು ಬರ್ತೀನಿ ಪುಟ್ಟಿ” ಎಂದೆ. ಹೋಗಲಿಲ್ಲ. ಆ ಮುಂದಿನ ತಿಂಗಳೂ ಹೋಗಲಿಲ್ಲ. ತರಗತಿಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಎದ್ದು ನಿಲ್ಲಿಸುವ ನಾನು, ನಗುತ್ತ, ತಲೆ ಸವರುತ್ತ, ಒಂದು ಮಗುವಿಗೆ ಸುಳ್ಳು ಹೇಳಿ ಬಂದಿದ್ದೆ. ಅಂಥ ಮನೆಗಳಿಗೆ ಪ್ರತಿ ವಾರ ಒಂದೊಂದು ಗುಂಪು ಬರುತ್ತದೆ. ಪ್ರತಿ ಗುಂಪಿನಲ್ಲೂ ನನ್ನಂಥ ಒಬ್ಬಳಿರುತ್ತಾಳೆ. ಆ ಮಗು ಎಷ್ಟು ‘ಮುಂದಿನ ತಿಂಗಳು’ಗಳನ್ನು ಎಣಿಸಿರಬಹುದು?

ಕಾಂಬೋಡಿಯ, ನೇಪಾಳದಂಥ ದೇಶಗಳಲ್ಲಿ ಇದು ಇನ್ನೂ ಘೋರವಾಗಿದೆ. ಹೊರದೇಶದಿಂದ ರಜೆಯಲ್ಲಿ ಸೇವೆಗೆ ಬರುವವರು ದುಡ್ಡು ಕೊಟ್ಟು ಅನಾಥಾಲಯಗಳಲ್ಲಿ ಎರಡು ವಾರ ಇದ್ದು ಹೋಗುತ್ತಾರೆ. ಅವರು ಕೊಡುವ ದುಡ್ಡಿನ ಆಸೆಗೆ, ತಂದೆ ಅಥವಾ ತಾಯಿ ಬದುಕಿರುವ ಮಕ್ಕಳನ್ನೇ ಹಳ್ಳಿಗಳಿಂದ ತಂದು ತುಂಬಿಸಿದ್ದು ಬಯಲಾಯಿತು. ಸೇವೆ ಮಾಡಬೇಕೆನ್ನುವವರಿಗಾಗಿ ಅನಾಥರನ್ನು ತಯಾರಿಸಿದ ಹಾಗಾಯಿತಲ್ಲ! ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆಗಳೆಲ್ಲ ನೋಂದಣಿಯಾಗಿರಬೇಕು. ನಾವು ಕೇಕು ಹಿಡಿದು ಹೋದವರು ಅಲ್ಲಿ ಅದನ್ನು ಕೇಳಿದ್ದೆವೆಯೇ? ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಇಷ್ಟಾದ ಮೇಲೆ ಇಲಿಚ್‌ಗೆ ಪೂರ್ತಿ ಶರಣಾಗಬಹುದಿತ್ತು. ಹೋಗುವುದೇ ಬೇಡ, ಸಂಡಿಗೆ ಇಟ್ಟುಕೊಂಡು ಮನೆಯಲ್ಲಿರೋಣ ಎಂದುಬಿಡಬಹುದಿತ್ತು. ಅದು ಸುಲಭದ ದಾರಿ. ಆದರೆ ಅವನ ಮಾತನ್ನು ಮೂರನೆಯ ಸಲ ಓದಿದಾಗ ನನಗೆ ಅದರಲ್ಲೊಂದು ಕೊರತೆ ಕಂಡಿತು.

ಅವನು ನಮ್ಮ ಮುಂದೆ ಇಡುವುದು ಎರಡೇ ದಾರಿ. ಒಂದು, ಸಹಾಯ ಮಾಡಲು ಬರುವುದು, ಅದು ಅಹಂಕಾರ. ಇನ್ನೊಂದು, ನೋಡಲು ಕಲಿಯಲು ಬರುವುದು, ಅದು ಸರಿ. ನಡುವೆ ಏನೂ ಇಲ್ಲ. ಇದು ಗಂಡಸಿನ ಲೆಕ್ಕ ಎಂದು ನನಗನ್ನಿಸಿತು, ಅದರಲ್ಲೂ ಒಲೆಯ ಮುಂದೆ ನಿಂತು ಗೊತ್ತಿಲ್ಲದ ಗಂಡಸಿನ ಲೆಕ್ಕ. ಯಾರದೋ ಮನೆಗೆ ಹೋಗಿ ಬೆಟ್ಟ ನೋಡಿ, ಹೂವು ನೋಡಿ, ಅವರು ಬಡಿಸಿದ್ದನ್ನು ಉಂಡು, ‘ಕಲಿತೆ’ ಎಂದು ಎದ್ದು ಬರುವುದು ಅಷ್ಟೇನೂ ನಿರ್ದೋಷಿ ಕೆಲಸವಲ್ಲ. ‘ಉಂಡೂ ಹೋದ ಕೊಂಡೂ ಹೋದ’ ಎಂದು ನಮ್ಮವರು ಇಂಥವರನ್ನೇ ಕಂಡು ಹೇಳಿರಬೇಕು. ನೋಡುವವರಿಗೂ ಯಾರೋ ನೀರು ಹೊರಬೇಕಲ್ಲ?

ಇಲಿಚ್ ತನ್ನ ಮಾತಿಗೆ ತಾನು ನಿಷ್ಠನಾಗಿದ್ದ ಎಂಬುದನ್ನೂ ಹೇಳಬೇಕು. 1978ರ ಜನವರಿಯಲ್ಲಿ ಅವನು ವಾರ್ಧಾದ ಸೇವಾಗ್ರಾಮಕ್ಕೆ ಬಂದಿದ್ದ. ಗಾಂಧೀಜಿ 1936ರಲ್ಲಿ ಆ ಹಳ್ಳಿಗೆ ಹೋಗಿ ನೆಲೆಸಿದವರು. ಅವರಿದ್ದ ಗುಡಿಸಲಿನಲ್ಲಿ ಇಲಿಚ್ ಸುಮ್ಮನೆ ಕುಳಿತ, ಅದರ ಮರ, ಮಣ್ಣು, ಒಂದೊಂದು ಮೂಲೆಯನ್ನೂ ನೋಡಿದ, ಆ ಗುಡಿಸಲು ಹೇಳುವುದೇನೆಂದು ಭಾಷಣದಲ್ಲಿ ವಿವರಿಸಿದ. ಸಹಾಯ ಮಾಡಲು ಬರಲಿಲ್ಲ, ಕಲಿಯಲು ಬಂದ. ಅದು ದೊಡ್ಡದು. ಆದರೆ ಅವನು ಕುಳಿತಿದ್ದ ಆ ಗುಡಿಸಲು ಸಹಾಯ ಬೇಡವೆಂದು ದೂರ ನಿಂತವನದ್ದಲ್ಲ. ಆ ಹಳ್ಳಿಗೆ ಬಂದು ಅಲ್ಲಿಯೇ ಉಳಿದವನದ್ದು.

ಉಳಿಯುವುದು ಎಂಬುದೇ ಮುಖ್ಯವಿರಬಹುದು. ಬಿಳಿಗಿರಿರಂಗನ ಬೆಟ್ಟಕ್ಕೆ ಡಾ. ಎಚ್. ಸುದರ್ಶನ್ ಯುವ ವೈದ್ಯರಾಗಿ ಹೋದವರು. 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1994ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬರುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಅವರ ಕಣ್ಣೆದುರು ಬೆಳೆದಿದ್ದರು. ಅವರನ್ನು ಇಲಿಚ್‌ನ ಮಾತಿನಿಂದ ಬೈಯಲು ಬರುವುದಿಲ್ಲ. ಆದರೆ ನಾವು ಸಂಸಾರಸ್ಥ ಹೆಂಗಸರು, ನೌಕರಿಯಲ್ಲಿರುವವರು, ಹೋಗಿ ಉಳಿಯುವುದು ಸಾಧ್ಯವೇ? ಹತ್ತು ದಿನ ಮಾತ್ರ ಇರುವವರಿಗೆ ಮರ್ಯಾದೆಯ ದಾರಿ ಯಾವುದು?

ಬಾಬಾ ಆಮ್ಟೆಯವರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಇಲಿಚ್ ಆ ಭಾಷಣ ಮಾಡಿದ ಕಾಲದಲ್ಲೇ, ಅರವತ್ತರ ದಶಕದ ಕೊನೆಯಲ್ಲಿ, ಮಹಾರಾಷ್ಟ್ರದ ಸೋಮನಾಥದಲ್ಲಿ ಅವರು ಯುವಕರಿಗೆ ಬೇಸಗೆಯ ಶಿಬಿರ ಶುರುಮಾಡಿದರು. ಅದರ ಹೆಸರು ಶ್ರಮಸಂಸ್ಕಾರ ಶಿಬಿರ. ಹೆಸರಿನಲ್ಲಿ ಸೇವೆಯ ಮಾತಿಲ್ಲ ನೋಡಿ. ಸಂಸ್ಕಾರವಾಗುವುದು ಗುದ್ದಲಿ ಹಿಡಿದವನಿಗೆ. ಎಷ್ಟು ಪ್ರಾಮಾಣಿಕವಾದ ಹೆಸರು! ನಮ್ಮ ಹುಳಿಯಾರಿನ ರಸ್ತೆಗೂ ಆ ಹೆಸರಿಟ್ಟಿದ್ದರೆ ಅಜ್ಜಿಗೆ ಕೊಡಲು ಒಂದು ಉತ್ತರವಾದರೂ ಇರುತ್ತಿತ್ತು.

ನನಗೆ ಬೇಕಾದ ಮಾತು ಕೊನೆಗೆ ಸಿಕ್ಕಿದ್ದು ಮನೆಯಲ್ಲೇ. ಒಂದು ಮಧ್ಯಾಹ್ನ ಅತ್ತೆ ತಮ್ಮ ತೌರೂರಿನ ಕಥೆ ಹೇಳುತ್ತ, “ಆಗೆಲ್ಲ ಕೂಲಿ ಎಲ್ಲಿತ್ತು? ಮುಯ್ಯಾಳಲ್ಲೇ ಎಲ್ಲ ನಡೀತಿತ್ತು” ಎಂದರು. ಮುಯ್ಯಾಳು! ಇಂದು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ಕೊಯ್ಲಿಗೆ ನೀನು. ಕರೆದಾಗ ಹೋಗಬೇಕು, ಅವರ ಹೊಲದ ಹದಕ್ಕೆ ಹೋಗಬೇಕು, ಅವರು ಹೇಳಿದ ಸಾಲು ಹಿಡಿಯಬೇಕು. ನಮ್ಮ ಸರದಿ ಬಂದಾಗ ಅವರನ್ನು ನಾಚಿಕೆಯಿಲ್ಲದೆ ಕರೆಯಬೇಕು. ಮದುವೆಮನೆಯ ಮುಯ್ಯಿಯೂ ಹೀಗೆಯೇ; ಕೊಟ್ಟವರೂ ಬರೆದಿಟ್ಟುಕೊಳ್ಳುತ್ತಾರೆ, ಪಡೆದವರೂ ಬರೆದಿಟ್ಟುಕೊಳ್ಳುತ್ತಾರೆ, ಯಾರೂ ತಲೆ ತಗ್ಗಿಸುವುದಿಲ್ಲ. ಸಹಾಯ, ನೋಟ ಎಂಬ ಎರಡೇ ಪದವಿದ್ದ ಇಲಿಚ್‌ನ ಆ ಭಾಷಣದಲ್ಲಿ ಇಲ್ಲದ ಮೂರನೆಯ ಪದ ಇದು. ಅವನ ಬೈಗುಳವೆಲ್ಲ ಸರಿ. ಆದರೆ ಬೈದಾದ ಮೇಲೆ ಕೈಗೆ ಕೊಡಬೇಕಾದ ಕುಡುಗೋಲು ಅವನಲ್ಲಿಲ್ಲ; ನಮ್ಮ ಅಟ್ಟದ ಮೇಲೆ ಇದೆ.

ಮತ್ತೆ ಫೋನ್ ಮಾಡಿದೆ. ಈ ಸಲ “ನಾವು ಬರುತ್ತೇವೆ” ಎನ್ನಲಿಲ್ಲ. “ನಿಮ್ಮಲ್ಲಿ ಮಾಡುವವರಿಲ್ಲದೆ ಬಿದ್ದಿರುವ ಕೆಲಸ ಯಾವುದು? ಯಾವಾಗ ಬಂದರೆ ನಿಮಗೆ ತೊಂದರೆಯಿಲ್ಲ?” ಎಂದೆ. ಆ ಕಡೆ ಸ್ವಲ್ಪ ಮೌನ. ಆಮೇಲೆ ಅವರು ನಕ್ಕು, “ನಿಜ ಹೇಳ್ಲಾ ಮೇಡಂ? ವಿದ್ಯಾರ್ಥಿವೇತನದ ಅರ್ಜಿ. ಆಧಾರ್‌ನಲ್ಲಿ ಒಂದು ಹೆಸರು, ದಾಖಲಾತಿ ಪುಸ್ತಕದಲ್ಲಿ ಇನ್ನೊಂದು. ಜಾತಿ ಪತ್ರ, ಆದಾಯ ಪತ್ರ ಒಂದಿದ್ರೆ ಒಂದಿರಲ್ಲ. ದಸರಾ ರಜದಲ್ಲಿ ಬನ್ನಿ, ಆಫೀಸು ಖಾಲಿ ಇರುತ್ತೆ. ಆದ್ರೆ ಮಕ್ಕಳಿರಲ್ಲ” ಎಂದರು.

ಇದನ್ನು ಸಮಾಜದಲ್ಲಿ ಹೇಳಿದಾಗ ಸಂಗೀತದವರು “ಮಕ್ಕಳೇ ಇಲ್ಲ ಅಂದ್ಮೇಲೆ ಅದೆಂಥ ಸೇವೆರೀ?” ಎಂದರು. ಬಟ್ಟೆ ಅಂಗಡಿಯವರಿಗೆ ದಸರಾ ವ್ಯಾಪಾರದ ಕಾಲ. ಉಳಿದದ್ದು ನಾನು ಮತ್ತು ಅಂಚೆ ಕಚೇರಿಯ ಗೆಳತಿ. ಟೆಂಪೋ ಬೇಡವಾಯಿತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಪುಣ್ಯ, ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋದೆವು. ಹಳೆಯ ಸೀರೆಗಳು ಬೀರುವಿನಲ್ಲೇ ಉಳಿದವು.

ಐದು ದಿನ ಕೂತು ಅರವತ್ತಮೂರು ಮಕ್ಕಳ ಕಡತ ನೋಡಿದೆವು. ನಲವತ್ತೊಂದರಲ್ಲಿ ಹೆಸರೋ ಹುಟ್ಟಿದ ತಾರೀಖೋ ಹೊಂದುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಪಾಠಕ್ಕಿಂತ ಹೆಚ್ಚು ಹೊತ್ತು ಮಾಡಿದ ಕೆಲಸ ಇದೇ, ಅದನ್ನು ಶಪಿಸುತ್ತ ಮಾಡಿದ್ದೆ. ಗೆಳತಿಗೋ ಅಕ್ಷರದ ತಪ್ಪು ಹುಡುಕುವುದೆಂದರೆ ಪರಮಾನಂದ. ಯಾವ ಮಗುವಿನ ಕೆನ್ನೆಯನ್ನೂ ಸವರಲಿಲ್ಲ, ಯಾರೂ ಫೋಟೊ ತೆಗೆಯಲಿಲ್ಲ. ಮೂರನೆಯ ದಿನ ಬೆನ್ನು ನೋವು, ಬೇಸರ ಎರಡೂ ಬಂದವು. ಬೇಸರ ಬಂದಾಗ, ಬಹುಶಃ ಈ ಸಲ ನಾವು ಏನೋ ಉಪಯೋಗಕ್ಕೆ ಬರುತ್ತಿದ್ದೇವೆ ಎಂದು ಮೊದಲ ಬಾರಿ ಅನ್ನಿಸಿತು.

ಅಲ್ಲಿ ಅಡುಗೆ ಮಾಡುವ ಹೆಂಗಸು ಪೋಡಿನವಳೇ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಿರಬೇಕು. ಕೊನೆಯ ರಾತ್ರಿ ರಾಗಿ ಮುದ್ದೆ ಬಡಿಸುತ್ತ ಕೇಳಿದಳು: “ನಾವು ನಿಮ್ಮೂರ ಕಡೆ ಬಂದ್ರೆ ನಿಮ್ಮನೇಲಿ ಉಳ್ಕೊಬೋದಾ ಟೀಚರಮ್ಮ?”

“ಅಯ್ಯೋ, ಅದಕ್ಕೇನು, ಬನ್ನಿ” ಎಂದೆವು ಇಬ್ಬರೂ, ಬೇಗ ಬೇಗ. ಆ ಬೇಗದಲ್ಲಿ ಏನೋ ಇತ್ತು. ಹಿಂದಿರುಗುವ ಬಸ್ಸಿನಲ್ಲಿ ಮೈಸೂರು ಬರುವವರೆಗೂ ಇಬ್ಬರೂ ಮಾತಾಡಲಿಲ್ಲ. ಸೇವೆಗೆಂದು ಅವರ ಮನೆಬಾಗಿಲಿಗೆ ಹೋಗುವುದು ಬೇರೆ, ಅವರು ನಮ್ಮ ಮನೆಯ ಅಡುಗೆ ಕಟ್ಟೆಯವರೆಗೆ ಬರುವುದು ಬೇರೆ. ಬಚ್ಚಲು, ಹಾಸಿಗೆ, ಲೋಟ, ದೇವರ ಮನೆ ಎಲ್ಲ ನನ್ನ ಕಣ್ಣ ಮುಂದೆ ಬಂದವು. ಎಲ್ಲಕ್ಕಿಂತ ಮೊದಲು ಅತ್ತೆಯ ಮುಖ ಬಂತು. ಆದರೆ ನಿಜ ಹೇಳಬೇಕೆಂದರೆ ಅತ್ತೆಯ ಮುಖದ ಮರೆಯಲ್ಲಿ ನನ್ನ ಮುಖವೂ ಇತ್ತು. ಇಲಿಚ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಆಕೆ ಮುದ್ದೆ ಬಡಿಸುತ್ತ ಕೇಳಿಬಿಟ್ಟಿದ್ದಳು.

ರಜೆಯಲ್ಲಿ ಸೇವೆಗೆ ಹೊರಡಬೇಕೆನ್ನುವ ಗೆಳತಿಯರು ಈಗ ನನ್ನನ್ನು ಸಲಹೆ ಕೇಳುತ್ತಾರೆ. ನಾನು ಅವರಿಗೆ ನಾಲ್ಕು ಮಾತು ಕೇಳುತ್ತೇನೆ. ನಿಮ್ಮನ್ನು ಕರೆದವರು ಯಾರು? ನೀವು ಮಾಡುವ ಕೆಲಸದಿಂದ ಅಲ್ಲಿ ಯಾರ ಕೂಲಿ ತಪ್ಪುತ್ತದೆ? ನೀವು ಬಂದದ್ದು ಸಾಕು, ಹೊರಡಿ ಎಂದು ನಿಮಗೆ ಹೇಳುವ ಧೈರ್ಯ ಅವರಿಗಿದೆಯೇ? ಅವರು ನಿಮ್ಮ ಮನೆಗೆ ಬಂದರೆ ಎಲ್ಲಿ ಮಲಗಿಸುತ್ತೀರಿ? ಮೊದಲ ಮೂರು ಇಲಿಚ್ ಮತ್ತು ಹುಳಿಯಾರಿನ ಅಜ್ಜಿ ಕಲಿಸಿದ್ದು. ನಾಲ್ಕನೆಯದು ಆ ಅಡುಗೆಯವಳದ್ದು. ಮೂರಕ್ಕೆ ಎಲ್ಲರೂ ಉತ್ಸಾಹದಿಂದ ಉತ್ತರಿಸುತ್ತಾರೆ. ನಾಲ್ಕನೆಯದಕ್ಕೆ ಮಾತು ನಿಲ್ಲುತ್ತದೆ.

ಆಕೆ ನಿಜವಾಗಿಯೂ ಬಂದಳು. ಡಿಸೆಂಬರಿನಲ್ಲಿ ಮಗಳಿಗೆ ನಮ್ಮೂರಿನಲ್ಲೊಂದು ಕೆಲಸದ ಸಂದರ್ಶನವಿತ್ತು. ಮುನ್ನಾ ದಿನ ಸಂಜೆ ತಾಯಿ ಮಗಳು ಬಸ್ಸಿಳಿದರು. ಅತ್ತೆ ಪಡಸಾಲೆಯಿಂದಲೇ “ಯಾವ ಜನ?” ಎಂದು ಕೇಳಿದರು. ನಾನು ಹೇಳಿದೆ. ಅವರು ಏನೂ ಅನ್ನಲಿಲ್ಲ, ಆದರೆ ಆ ರಾತ್ರಿ ತಮ್ಮ ಊಟವನ್ನು ಕೋಣೆಗೇ ತರಿಸಿಕೊಂಡರು. ನಾನು ಒತ್ತಾಯಿಸಲಿಲ್ಲ. ಮಿಕ್ಕವರೆಲ್ಲ ಒಟ್ಟಿಗೆ ಕೂತು ಉಂಡೆವು. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಆಕೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಎರ‍ಡು ಮಾರು ದೂರದಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು, ಮಂಡಿನೋವಿಗೆ ಕಾಡಿನಲ್ಲಿ ಏನು ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು.

“ಬಿಡಿ, ಬಿಡಿ, ನೀವು ನೆಂಟರು, ಸುಮ್ನೆ ಕೂತ್ಕೊಳ್ಳಿ” ಎಂದೆ.

ಆಕೆ ಸೊಪ್ಪಿನಿಂದ ತಲೆ ಎತ್ತಲಿಲ್ಲ. “ಸುಮ್ನೆ ಕೂರಕ್ಕೆ ನನಗೂ ಬರಲ್ಲ ಟೀಚರಮ್ಮ. ನಿಮಗೆ ಬಂತಾ ಅಲ್ಲಿ?”